ಮೂರನೆಯ ಮೊಟೆಟ್‌ನ ಮೇಲಿನ ದನಿ

ಮದ್ದಲೇನಾ ಕನ್ಯಾಮಠ, ಕಾಸ್ತೆಲ್‌ವೆರೊ
೧೫೮೩, ನವೆಂಬರ್ ೩

ಪ್ರೀತಿಯ ತಮ್ಮ ಫುಲ್ವಿಯೊಗೆ,

ನೀನು ವೆನಿಸಿನಿಂದ ಕಳಿಸಿದ ಕಟ್ಟು ತಲುಪಿತು. ಮಠದ ತಾಯಿ ಕೊರ್ನೇಲಿಯಾ ಮೊದಲು ತಾವು ಬಿಚ್ಚಿ ನೋಡಿ ಆಮೇಲೆ ನನ್ನ ಕೈಗೆ ಕೊಟ್ಟರು. ಇಲ್ಲಿಗೆ ಬರುವ, ಇಲ್ಲಿಂದ ಹೋಗುವ ಪ್ರತಿ ಕಾಗದವನ್ನೂ ಅವರು ಓದುತ್ತಾರೆ ಎನ್ನುವುದು ನಿನಗೆ ಗೊತ್ತು. ಹಾಗಾಗಿ ಇನ್ನು ಮುಂದೆ ಹಾಡುಗಳ ಅಂಚಿನಲ್ಲಿ ನಿನ್ನ ಮನೆಯೊಡತಿಯನ್ನು ಬೈದು ಬರೆಯಬೇಡ. ತಾಯಿ ಓದಿ ನಕ್ಕರು, ನಕ್ಕಿದ್ದಕ್ಕೆ ಶನಿವಾರ ಪಾಪನಿವೇದನೆಯನ್ನೂ ಮಾಡಿಕೊಂಡರಂತೆ.

ಐದು ದನಿಯ ಭಕ್ತಿಗೀತೆಗಳೆಂದು ನೀನು ಬರೆದ ಇಪ್ಪತ್ತೊಂದು ಮೊಟೆಟ್‌ಗಳನ್ನೂ ಹಾಡಿ ನೋಡಿದೆವು. ಐದು ದನಿಗೆ ಐದು ಪುಸ್ತಕ, ಒಬ್ಬಳ ಪುಸ್ತಕದಲ್ಲಿ ಇನ್ನೊಬ್ಬಳ ಸಾಲಿಲ್ಲ; ಮೊದಲ ದಿನ ಐವರೂ ಐದು ದಿಕ್ಕಿಗೆ ಹೊರಟಿದ್ದೆವು. ನಾಲ್ಕನೆಯ ದಿನ ಸರಿಹೋಯಿತು. ಎಲ್ಲ ಸಾಲುಗಳನ್ನೂ ಹೆಂಗಸರ ಗಂಟಲಿಗೆ ಎಟುಕುವ ಸ್ಥಾಯಿಯಲ್ಲಿ ಬರೆದಿದ್ದೀಯಲ್ಲ, ಅದಕ್ಕೆ ನಿನಗೆ ಪುಣ್ಯ ಬರಲಿ. ನಮ್ಮ ಕೆಳದನಿಯ ಸಿಸ್ಟರ್ ಸ್ಕೊಲಾಸ್ತಿಕಾಗೆ ಅರವತ್ತೆರಡು ವರ್ಷ, ಮೇಲೆ ಉಬ್ಬಸ ಬೇರೆ. ಹಾಡಿ ಮುಗಿಸಿ ಹೇಳಿದಳು: “ಮೂವತ್ತು ವರ್ಷ ಗಂಡಸರಿಗೆ ಬರೆದ ಸಾಲನ್ನೇ ಕತ್ತು ಹಿಸುಕ್ಕೊಂಡು ಹಾಡಿದೀನಿ ಕಣೇ. ನಿನ್ನ ತಮ್ಮ ನನ್ನ ಅಳತೆ ತಗೊಂಡು ಹೊಲಿದಂಗಿದೆ.”

ಮೂರನೆಯದನ್ನು ಮತ್ತೆ ಮತ್ತೆ ಹಾಡಿದೆವು. ನಮ್ಮ ಮಠಕ್ಕೆ ಹೆಸರು ಕೊಟ್ಟ ಸಂತ ಮದ್ದಲೇನಾಳದ್ದೇ ಅಲ್ಲವೇ ಅದು. ಗೋರಿಯ ಹತ್ತಿರ ಅಳುತ್ತ ನಿಂತವಳಿಗೆ ಸಾವಿನಿಂದ ಎದ್ದು ಎದುರು ನಿಂತ ಪ್ರಭು ತೋಟದವನಂತೆ ಕಾಣುತ್ತಾನೆ; ಅವನು ಹೆಸರು ಹಿಡಿದು ಕರೆದಾಗಷ್ಟೇ ಗುರುತು ಸಿಗುತ್ತದೆ. ಅಲ್ಲಿ ನಾಲ್ಕು ದನಿಗಳನ್ನು ನಿಲ್ಲಿಸಿ, ಮೇಲಿನ ದನಿಯೊಂದೇ ‘ಗುರುವೇ’ ಎನ್ನುವಂತೆ ಮಾಡಿದ್ದೀಯ. ಆ ಸಾಲು ನನ್ನದು. ಹಾಡುವಾಗ ನನಗೆ ಅಳು ಬಂತು, ಬಂದದ್ದನ್ನು ಮುಚ್ಚಿಡಲೂ ಇಲ್ಲ.

ಈಗ ಕೆಲಸದ ಮಾತು. ಊರಿಗೆ ಹೊಸ ಬಿಷಪ್ಪರು ಬಂದಿದ್ದಾರೆ. ಸನ್ಯಾಸಿನಿಯರು ಹಲವು ದನಿಯಲ್ಲಿ ಹಾಡುವುದು ಅವರಿಗೆ ಹಿಡಿಸುವುದಿಲ್ಲವಂತೆ. ಬೇರೆ ಹುಡುಗಿಯರು ಈ ಮಠಕ್ಕೆ ವರದಕ್ಷಿಣೆ ತಂದರು. ನನ್ನ ಹತ್ತಿರ ಗಂಟಲು ಬಿಟ್ಟು ಬೇರೇನೂ ಇರಲಿಲ್ಲ, ಅದನ್ನೇ ವರದಕ್ಷಿಣೆ ಎಂದುಕೊಂಡು ಒಳಗೆ ಸೇರಿಸಿಕೊಂಡರು. ಹಾಡೇ ನಿಂತರೆ ನಾನು ಇಲ್ಲಿ ಯಾತಕ್ಕೆ? ನಿನ್ನ ಪುಸ್ತಕದ ಅರ್ಪಣೆಯ ಪುಟದಲ್ಲಿ ‘ಮದ್ದಲೇನಾ ಮಠದ ಸನ್ಯಾಸಿನಿಯರಿಗೆ’ ಎಂದು ಅಚ್ಚು ಹಾಕಿಸು. ಧರ್ಮಸಭೆಯ ಅಪ್ಪಣೆ ಪಡೆದು ಅಚ್ಚಾದ ಪುಸ್ತಕದಲ್ಲಿ ನಮ್ಮ ಹೆಸರಿದ್ದರೆ, ಬಾಯಿ ಮುಚ್ಚಿ ಎನ್ನಲು ಯಾರಾದರೂ ಎರಡು ಸಲ ಯೋಚಿಸುತ್ತಾರೆ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಅಕ್ಕ,
ಸಿಸ್ಟರ್ ದೆಯೊದಾತಾ


ವೆನಿಸ್
೧೫೮೩, ಡಿಸೆಂಬರ್ ೧೨

ಪ್ರೀತಿಯ ಅಕ್ಕಾ,

ನಿನ್ನ ಕಾಗದ ಓದಿದ ದಿನ ನನಗೆ ನೆಮ್ಮದಿಯಾಗಿತ್ತು. ಆಮೇಲಿನ ದಿನಗಳು ಎಂದಿನಂತೆಯೇ ಹೋದವು. ಬೆಳಿಗ್ಗೆ ಬಟ್ಟೆ ವ್ಯಾಪಾರಿಯ ಮೂರು ಹೆಣ್ಣುಮಕ್ಕಳಿಗೆ ಪಾಠ. ದೊಡ್ಡವಳಿಗೆ ಕಿವಿಯಿಲ್ಲ, ನಡುವಿನವಳಿಗೆ ಮನಸ್ಸಿಲ್ಲ, ಚಿಕ್ಕವಳಿಗೆ ಎರಡೂ ಇಲ್ಲ. ಮಧ್ಯಾಹ್ನ ಯಾರದಾದರೂ ಸಾವಿನ ಪೂಜೆಗೆ ಹಾಡುವುದು. ಈ ಊರಿನಲ್ಲಿ ಸಾಯುವವರಿಗೆ ಬರವಿಲ್ಲ, ಹಾಡುವವರಿಗಂತೂ ಮೊದಲೇ ಇಲ್ಲ. ಇಪ್ಪತ್ತಾರಕ್ಕೇ ಮುದುಕನಾದ ಹಾಗಿದೆ. ಕಾಲುವೆಯ ಥಂಡಿ ಮೂಳೆಗೆ ಇಳಿದಿದೆ.

ಮೊದಲ ಪುಸ್ತಕ ಬರುವವರೆಗೂ ಸಂಗೀತಗಾರನನ್ನು ಯಾರೂ ‘ಬಾ, ಕೂತುಕೋ’ ಎನ್ನುವುದಿಲ್ಲ. ಅಚ್ಚಿನ ಮನೆಯವನ ಹತ್ತಿರ ಹೋಗಿದ್ದೆ. ಹಾಳೆ ತಿರುವಿಯೂ ನೋಡದೆ ಕೇಳಿದ: “ಅರ್ಪಣೆ ಯಾರಿಗೆ ಸ್ವಾಮಿ? ಅದು ಹೇಳಿ ಮೊದಲು.” ಒಂದು ಮಠದ ಸನ್ಯಾಸಿನಿಯರಿಗೆ ಎಂದೆ. ಮೂಗು ಒರೆಸಿಕೊಳ್ಳುತ್ತ ಅಂದ: “ಅವರಿಂದ ನಿಮಗೆ ಪ್ರಾರ್ಥನೆ ಸಿಗುತ್ತೆ. ನೌಕರಿ ಸಿಗಲ್ಲ.”

ನಿನ್ನ ಮಾತು ನೆನಪಿದೆ ಅಕ್ಕಾ. ಮರೆತಿಲ್ಲ.

ಕಾಸ್ತೆಲ್‌ವೆರೊದ ದೊಡ್ಡ ಚರ್ಚಿನ ಮುದಿ ಗಾಯನಗುರು ಹೋದ ತಿಂಗಳು ತೀರಿಕೊಂಡರಂತೆ. ಆ ಜಾಗಕ್ಕೆ ಬಿಷಪ್ಪರು ಇನ್ನೂ ಯಾರನ್ನೂ ನೇಮಿಸಿಲ್ಲವಂತೆ. ಸುಮ್ಮನೆ ತಿಳಿಸಿದೆ, ಅಷ್ಟೇ.

ಸಿಸ್ಟರ್ ಸ್ಕೊಲಾಸ್ತಿಕಾರ ಉಬ್ಬಸಕ್ಕೆ ಇಲ್ಲಿಯ ಔಷಧಿ ಅಂಗಡಿಯಿಂದ ಒಂದು ಪುಡಿ ಕಳಿಸಿದ್ದೇನೆ.

ನಿನ್ನ ತಮ್ಮ,
ಫುಲ್ವಿಯೊ


ಮದ್ದಲೇನಾ ಕನ್ಯಾಮಠ
೧೫೮೪, ಫೆಬ್ರವರಿ ೬

ತಮ್ಮಾ,

‘ಸುಮ್ಮನೆ ತಿಳಿಸಿದೆ’ ಎಂದು ಬರೆದಿದ್ದೀಯ. ನೀನು ಹುಟ್ಟಿದಾಗಿನಿಂದ ನೋಡಿದ್ದೇನೆ, ಸುಮ್ಮನೆ ಏನನ್ನೂ ತಿಳಿಸುವವನಲ್ಲ ನೀನು.

ಕಳೆದ ವಾರ ಬಿಷಪ್ಪರ ಕಾರ್ಯಭಾರಿ ಪಾದ್ರಿ ಗಾಸ್ಪಾರೆ ತಪಾಸಣೆಗೆ ಬಂದರು. ಇಡೀ ಮಠ ಸುತ್ತಿದರು. ಬೆಕ್ಕುಗಳನ್ನು ಎಣಿಸಿದರು, ಹಾಸಿಗೆಗಳನ್ನು ಒತ್ತಿ ನೋಡಿದರು. ಸಂಗೀತದ ಕೋಣೆಗೆ ಬಂದು ನಮ್ಮ ದೊಡ್ಡ ಪಿಟೀಲನ್ನು ಕಂಡು ಕೇಳಿದರು.

“ಇದೇನು?”

“ಕೆಳದನಿಗೆ ಆಸರೆಗಿಟ್ಟುಕೊಂಡಿದೀವಿ ಸ್ವಾಮಿ,” ಎಂದಳು ಸ್ಕೊಲಾಸ್ತಿಕಾ.

“ದೇವರಿಗೆ ನಿಮ್ಮ ಕೆಳದನಿ ಬೇಕು ಅಂತ ಯಾರು ಹೇಳಿದ್ರು?”

“ಬೇಡ ಅಂತಾನೂ ಯಾರೂ ಹೇಳಿಲ್ವಲ್ಲ ಸ್ವಾಮಿ.”

ಅವಳಿಗೆ ವಯಸ್ಸಾಗಿದೆಯೆಂದು ಬರೀ ಬೈದು ಬಿಟ್ಟರು. ಪಿಟೀಲನ್ನು ಮಾತ್ರ ಗಾಡಿಗೆ ಹಾಕಿಕೊಂಡು ಹೋದರು. ಹಬ್ಬದ ದಿನ ಊರಿನವರು ಪೂಜೆಗಲ್ಲ, ನಮ್ಮ ಹಾಡು ಕೇಳಲು ಬರುತ್ತಾರೆ ಎನ್ನುವುದೇ ಅವರ ದೂರು. ನಾವು ಕಬ್ಬಿಣದ ಜಾಲರಿಯ ಹಿಂದೆ ಇರುವವರು. ಚರ್ಚಿನಲ್ಲಿ ಕೂತ ಯಾರಿಗೂ ನಮ್ಮ ಮುಖ ಕಾಣುವುದಿಲ್ಲ. ದನಿಯೂ ಕೇಳಬಾರದು ಎಂದರೆ ಇನ್ನು ಸತ್ತವರಿಗೂ ನಮಗೂ ಏನು ವ್ಯತ್ಯಾಸ, ನೀನೇ ಹೇಳು.

ಈಸ್ಟರ್ ಕಳೆದ ಮೇಲೆ ಅಪ್ಪಣೆ ಹೊರಡುತ್ತದಂತೆ. ಊರಿನ ಎಂಟು ದೊಡ್ಡ ಮನೆಗಳ ಹೆಣ್ಣುಮಕ್ಕಳು ಇಲ್ಲಿದ್ದಾರೆ. ಅವರ ಅಣ್ಣಂದಿರು ಬಿಷಪ್ಪರ ಹತ್ತಿರ ಹೋಗಿ ಮಾತಾಡಲು ಸಿದ್ಧ, ಆದರೆ ಕೈಯಲ್ಲಿ ಹಿಡಿದು ತೋರಿಸಲು ಏನಾದರೂ ಬೇಕು. ಆ ‘ಏನಾದರೂ’ ಎನ್ನುವುದು ನಿನ್ನ ಪುಸ್ತಕ, ಫುಲ್ವಿಯೊ. ನಾನು ನಿನ್ನನ್ನು ಬೇರೆ ಏನನ್ನೂ ಯಾವತ್ತೂ ಕೇಳಿಲ್ಲ. ಇದನ್ನು ಕೇಳುತ್ತಿದ್ದೇನೆ. ಬೇಡಿಕೊಳ್ಳುತ್ತಿದ್ದೇನೆ ಎಂದೇ ಓದಿಕೋ.

ಅಕ್ಕ


ವೆನಿಸ್
೧೫೮೪, ಮಾರ್ಚ್ ೫

ಅಕ್ಕಾ,

ಈ ಕಾಗದವನ್ನು ಮೂರು ಸಲ ಬರೆದು ಹರಿದೆ. ಸುತ್ತಿ ಬಳಸಿ ಹೇಳುವ ಶಕ್ತಿ ಉಳಿದಿಲ್ಲ, ನೇರವಾಗಿ ಹೇಳುತ್ತೇನೆ. ಪುಸ್ತಕವನ್ನು ಬಿಷಪ್ಪರಿಗೆ ಅರ್ಪಿಸಿದ್ದೇನೆ.

ಬೈಯುವ ಮೊದಲು ಪೂರ್ತಿ ಓದು. ಕಾರ್ಯಭಾರಿ ಗಾಸ್ಪಾರೆ ಜನವರಿಯಲ್ಲಿ ವೆನಿಸಿಗೆ ಬಂದಿದ್ದರು, ನಿಮ್ಮ ಮಠಕ್ಕೆ ಬರುವುದಕ್ಕೂ ಮೊದಲು. ಕೈಬರಹದ ಪ್ರತಿ ಹಿಡಿದುಕೊಂಡು ಹೋದೆ. ಮೊದಲ ಪುಟದಲ್ಲಿ ಬಿಷಪ್ಪರ ಹೆಸರು, ಅವರ ಮನೆತನದ ಲಾಂಛನ, ಎರಡು ಪುಟ ಹೊಗಳಿಕೆ, ಎಲ್ಲ ಇತ್ತು. ನಿಮಗಾಗಿ ಬರೆದದ್ದೆಂದು ಎಲ್ಲೂ ಗೊತ್ತಾಗದ ಹಾಗೆ ಎಚ್ಚರಿಕೆಯಿಂದ ಎಲ್ಲವನ್ನೂ ಬದಲಾಯಿಸಿದ್ದೆ. ಹಾಗೆಂದು ತಿಳಿದಿದ್ದೆ.

ಆ ಮನುಷ್ಯ ಹೊಗಳಿಕೆಯನ್ನು ಓದಲೇ ಇಲ್ಲ. ಚಿಕ್ಕಂದಿನಲ್ಲಿ ಚರ್ಚಿನ ಮೇಳದಲ್ಲಿ ಹಾಡಿದ್ದವರಂತೆ. ಐದೂ ಪುಸ್ತಕಗಳನ್ನು ಮೇಜಿನ ಮೇಲೆ ಸಾಲಾಗಿ ಬಿಡಿಸಿಟ್ಟು, ಪ್ರತಿ ಸಾಲಿನ ಆರಂಭದಲ್ಲಿ ಸ್ಥಾಯಿಗೆಂದು ಬರೆಯುವ ಗುರುತನ್ನಷ್ಟೇ ಬೆರಳಿಟ್ಟು ನೋಡಿಕೊಂಡು ಹೋದರು. ಐದನೆಯದರ ಹತ್ತಿರ ಬೆರಳು ನಿಂತಿತು.

“ಏನಯ್ಯಾ ಫುಲ್ವಿಯೊ, ಇದರೊಳಗೆ ಗಂಡಸರು ಎಲ್ಲಿದಾರೆ?”

ಐದನೆಯ ಪುಸ್ತಕದ ಮೇಲೆ ಬರೆದಿದ್ದ ‘ಕೆಳದನಿ’ ಎನ್ನುವುದನ್ನು ತೋರಿಸಿದೆ.

“ಕೆಳದನಿ ಅಂತ ಬರ್ದಿದೀಯ, ಗುರುತು ನೋಡಿದ್ರೆ ಹೆಂಗಸರದು. ಇದು ಸನ್ಯಾಸಿನಿಯರ ಪುಸ್ತಕ ಕಣಯ್ಯಾ. ಬಿಷಪ್ಪರಿಗೆ ಲಂಗ ತೊಡಿಸಿ ಕೂರಿಸ್ತೀಯಾ?”

ಅವರ ಜೊತೆಗಿದ್ದವರೆಲ್ಲ ನಕ್ಕರು. ಹೆಸರು ಬದಲಾಯಿಸಿದವನು ಗುರುತು ಬದಲಾಯಿಸುವುದನ್ನೇ ಮರೆತಿದ್ದೆ. ನನ್ನ ಕಣ್ಣಿಗೆ ಅದು ತಪ್ಪೆಂದು ಕಾಣಲೇ ಇಲ್ಲ ಅಕ್ಕಾ, ಏಕೆಂದರೆ ನನ್ನ ಕಿವಿಯಲ್ಲಿ ಅವು ನಿಮ್ಮ ದನಿಯಲ್ಲೇ ಇದ್ದವು. ಅಪ್ಪಟ ದಡ್ಡ ನಾನು. ಆಮೇಲೆ ಅವರು ನಗು ನಿಲ್ಲಿಸಿ, “ಗಂಡಸರಿಗೆ ಹೊಂದೋ ಹಾಗೆ ಮಾಡ್ಕೊಂಡು ಬಾ, ಗಾಯನಗುರುವಿನ ಜಾಗಕ್ಕೆ ನಿನ್ನ ಹೆಸರು ಹೇಳ್ತೀನಿ,” ಎಂದರು.

ಹನ್ನೊಂದು ದಿನ ಕೂತು ಎಲ್ಲವನ್ನೂ ಇಳಿಸಿದೆ. ಕೆಳದನಿಯನ್ನು ಮುರಿದು ಹೊಸದಾಗಿ ಕಟ್ಟಿದೆ, ನಡುವಿನ ಸಾಲುಗಳನ್ನು ಅದಲುಬದಲು ಮಾಡಿದೆ. ಮೂರನೆಯದರ ಮೇಲಿನ ದನಿಯನ್ನು ಕೆಳಗಿನ ಸ್ಥಾಯಿಗೆ ತಂದೆನಷ್ಟೇ, ಒಂದು ಸ್ವರವನ್ನೂ ಮುಟ್ಟಲು ಮನಸ್ಸು ಬರಲಿಲ್ಲ. ಈಗ ಅಚ್ಚಾಗುತ್ತಿದೆ.

ಕೆಲಸ ಸಿಕ್ಕರೆ ನಿನ್ನ ಊರಿಗೇ ಬರುತ್ತೇನೆ. ಒಳಗಿದ್ದುಕೊಂಡು, ಬಿಷಪ್ಪರ ಕಿವಿಗೆ ಹತ್ತಿರವಿದ್ದುಕೊಂಡು, ನಿಮ್ಮ ಪರವಾಗಿ ಮಾತಾಡಬಹುದು. ಹೊರಗಿನವನ ಮಾತು ಯಾರು ಕೇಳುತ್ತಾರೆ? ಇದನ್ನು ನನಗೆ ನಾನೇ ದಿನಕ್ಕೆ ಹತ್ತು ಸಲ ಹೇಳಿಕೊಳ್ಳುತ್ತಿದ್ದೇನೆ.

ಫುಲ್ವಿಯೊ


ಮದ್ದಲೇನಾ ಕನ್ಯಾಮಠ
೧೫೮೪, ಏಪ್ರಿಲ್ ೧೨

ಫುಲ್ವಿಯೊ,

ಪುಸ್ತಕಗಳು ಬಂದವು. ಈಸ್ಟರ್ ಕಳೆದ ಬುಧವಾರ ಬಿಷಪ್ಪರ ಅಪ್ಪಣೆಯೂ ಬಂತು. ಇನ್ನು ಮುಂದೆ ಎಲ್ಲರೂ ಒಂದೇ ದನಿಯಲ್ಲಿ ಹಳೆಯ ಸ್ತೋತ್ರಗಳನ್ನು ಮಾತ್ರ ಹೇಳಬೇಕು, ಅದೂ ಮೆಲ್ಲಗೆ.

ಅಪ್ಪಣೆ ಓದುವ ಹಿಂದಿನ ದಿನ ನಿನ್ನ ಪುಸ್ತಕ ಹಾಡಿ ನೋಡಿದೆವು. ಇದ್ದ ಹಾಗೆ ಹಾಡಿದರೆ ಸ್ಕೊಲಾಸ್ತಿಕಾಗೆ ಗಾಳಿ ಬಿಟ್ಟು ಬೇರೇನೂ ಹೊರಡುವುದಿಲ್ಲ. ಮೇಲೆತ್ತಿ ಹಾಡಿದರೆ ಮೇಲಿನವರ ಗಂಟಲು ಹರಿಯುತ್ತದೆ. ಹೇಗೆ ಮಡಿಸಿದರೂ ಒಂದು ಕಡೆ ಗಿಡ್ಡವಾಗುತ್ತದೆ. ಸ್ಕೊಲಾಸ್ತಿಕಾ ಪುಸ್ತಕ ಮುಚ್ಚಿ, “ಹೋಗ್ಲಿ ಬಿಡೇ, ಹುಡುಗ ಬದುಕ್ಕೋಬೇಕಲ್ಲ,” ಎಂದಳು. ನನಗೆ ಹಾಗೆ ಹೇಳಲು ಬರುವುದಿಲ್ಲ. ನನಗೆ ನಿನ್ನ ಮೇಲೆ ಸಿಟ್ಟಿದೆ. ಬಹಳ ಇದೆ.

ಬಿಷಪ್ಪರಿಗೆ ಬರೆದ ಅರ್ಪಣೆ ಓದಿದೆ. ‘ತಮ್ಮ ಕಿವಿಯ ಕೃಪೆ’ ಎಂದೆಲ್ಲ ಬರೆದಿದ್ದೀಯ. ಚೆನ್ನಾಗಿದೆ.

ಹಾಡುವವರ ಕೋಣೆಗೆ ಬೀಗ ಬಿದ್ದಿದೆ. ನನ್ನನ್ನು ಮರ್ಮಲೇಡು ಮಾಡುವ ಕಡೆಗೆ ಹಾಕಿದ್ದಾರೆ. ಸದ್ಯಕ್ಕೆ ಬರೆಯಬೇಡ.

ದೆಯೊದಾತಾ


ಕಾಸ್ತೆಲ್‌ವೆರೊ, ದೊಡ್ಡ ಚರ್ಚಿನ ಹಿಂದಿನ ಬೀದಿ
೧೫೮೪, ಜುಲೈ ೧೫

ಅಕ್ಕಾ,

ಬರೆಯಬೇಡ ಎಂದಿದ್ದೆ. ಮೂರು ತಿಂಗಳು ಬರೆಯಲಿಲ್ಲ.

ನಿನ್ನ ಮಠದ ಗೋಡೆ ನನ್ನ ಕಿಟಕಿಗೆ ಕಾಣುತ್ತದೆ. ಎರಡು ಸಲ ಬಾಗಿಲಿಗೆ ಬಂದಿದ್ದೆ. ಕಾವಲಿನ ಸಿಸ್ಟರ್, “ಹೆತ್ತವರಿಗೆ ಮಾತ್ರ ಭೇಟಿ, ಹೊಸ ಕಟ್ಟಳೆ,” ಎಂದರು. ಹೆತ್ತವರಿಬ್ಬರೂ ಮಣ್ಣಿನಲ್ಲಿದ್ದಾರೆ ಎಂದೆ. “ಹಾಗಾದ್ರೆ ಯಾರೂ ಇಲ್ಲ ಅಂತಾಯ್ತಲ್ಲ,” ಎಂದು ಕಿಂಡಿ ಮುಚ್ಚಿದರು.

ಕೆಲಸ ಹೇಗಿದೆ ಎಂದು ನೀನು ಕೇಳುವುದಿಲ್ಲ, ನಾನೇ ಹೇಳುತ್ತೇನೆ. ಹನ್ನೆರಡು ಜನ ಹಾಡುಗಾರರಿದ್ದಾರೆ. ಅವರಲ್ಲಿ ಐವರಿಗೆ ಓದಲು ಬರುತ್ತದೆ. ಮೇಲಿನ ದನಿಗೆ ಪಾದ್ರಿ ಬಾಲ್ದಸ್ಸಾರೆ, ಹೆಣ್ಣುದನಿ ತೆಗೆದು ಹಾಡುವವರು, ಐವತ್ತು ದಾಟಿದೆ. ನಿಮ್ಮ ಪರವಾಗಿ ಒಂದು ಸಲ ಬಿಷಪ್ಪರ ಹತ್ತಿರ ಬಾಯಿ ತೆರೆದೆ. “ನೀನು ಹಾಡಿಸು ಮಗೂ, ಮಠಗಳನ್ನು ನಾನು ನೋಡ್ಕೋತೀನಿ,” ಎಂದರು. ಮತ್ತೆ ತೆರೆಯಲಿಲ್ಲ.

ಈ ಕಾಗದ ಬರೆದದ್ದು ಒಂದು ಸುದ್ದಿ ತಿಳಿಸಲು. ಇಪ್ಪತ್ತೆರಡಕ್ಕೆ ನಿಮ್ಮ ಮದ್ದಲೇನಾ ಹಬ್ಬವಲ್ಲವೇ? ಆ ದಿನ ನಿಮ್ಮ ಚರ್ಚಿನಲ್ಲಿ ನಿಮ್ಮ ಬದಲು ನಾವು ಹಾಡಬೇಕೆಂದು ಅಪ್ಪಣೆಯಾಗಿದೆ. ಹಾಡುಗಳನ್ನು ಗಾಸ್ಪಾರೆಯವರೇ ಆರಿಸಿದ್ದಾರೆ. ಮೂರನೆಯದೂ ಇದೆ. ಬೇಡ ಎನ್ನಬಹುದಿತ್ತು. ಅನ್ನಲಿಲ್ಲ. ಬೇರೆಯವರ ಬಾಯಿಂದ ಕೇಳುವುದಕ್ಕಿಂತ ನನ್ನಿಂದಲೇ ಕೇಳು ಎಂದು ಬರೆದೆ.

ಫುಲ್ವಿಯೊ


ಕಾಸ್ತೆಲ್‌ವೆರೊ
೧೫೮೪, ಜುಲೈ ೨೪

ಅಕ್ಕಾ,

ಇದನ್ನು ಬಾಗಿಲಲ್ಲಿ ಕೊಡುತ್ತಿಲ್ಲ. ಬಟ್ಟೆ ಒಗೆಯುವ ಮೆನೆಗಾಳ ಬುಟ್ಟಿಯಲ್ಲಿ ಬರುತ್ತದೆ. ಓದಿ ಒಲೆಗೆ ಹಾಕು.

ಹೆದರಬೇಡ. ನಿನ್ನ ಹೆಸರು ಹೊರಗೆ ಬಂದಿಲ್ಲ.

ಆ ಸೆಕೆಯಲ್ಲಿ, ಆ ಜನಜಂಗುಳಿಯಲ್ಲಿ ನಮ್ಮವರು ಅಷ್ಟು ದೂರ ಹಾಡಿದ್ದೇ ಹೆಚ್ಚು. ಮೂರನೆಯದರಲ್ಲಿ ನಾಲ್ಕೂ ದನಿಗಳು ನಿಂತವು, ಬಾಲ್ದಸ್ಸಾರೆ ‘ಗುರುವೇ’ ಎನ್ನಲು ಬಾಯಿ ತೆರೆದರು, ಆ ತೆರೆದ ಬಾಯಿಗೆ ನೊಣ ಹೊಕ್ಕಿತು. ನಗಬೇಡ, ನಿಜವಾಗಿ ಹೊಕ್ಕಿತು. ಕೆಮ್ಮು, ಕಣ್ಣಲ್ಲಿ ನೀರು, ಮುಖ ಕೆಂಪು. ನನ್ನ ಕೈ ತಾಳ ಹಾಕುತ್ತಲೇ ಇತ್ತು, ಹಾಡಲು ಯಾರೂ ಇರಲಿಲ್ಲ. ಬಿಷಪ್ಪರು ತಲೆಯೆತ್ತಿದರು. ಎಲ್ಲ ಮುಗಿಯಿತು ಎಂದುಕೊಂಡೆ.

ಆಗ ಜಾಲರಿಯ ಹಿಂದಿನಿಂದ ಆ ಸಾಲು ಬಂತು. ನಾನು ಇಳಿಸಿಟ್ಟ ಜಾಗದಲ್ಲೇ, ತಾಳ ತಪ್ಪದೆ, ಕೊನೆಯವರೆಗೂ ಬಂತು. ನಮ್ಮವರು ಅದರ ಬೆನ್ನಿಗೆ ಸೇರಿಕೊಂಡು ಹಾಡನ್ನು ಮುಗಿಸಿದರು. ನಿಮ್ಮ ಬೀದಿಯ ಬ್ರೆಡ್ಡು ಮಾಡುವವಳು ತಲೆಗೆ ಹೊದ್ದ ಬಟ್ಟೆಯಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದಳು.

ಪೂಜೆ ಮುಗಿದ ಮೇಲೆ ಗಾಸ್ಪಾರೆ ನನ್ನನ್ನು ಪಾದ್ರಿಗಳ ಉಡುಪಿನ ಕೋಣೆಗೆ ಕರೆದರು.

“ಯಾರದು ಆ ದನಿ?”

“ಗೊತ್ತಿಲ್ಲ ಸ್ವಾಮಿ.”

“ನಿನ್ನ ಅಕ್ಕ ಅಲ್ಲೇ ಇದಾಳಲ್ಲ?”

“ಇದಾಳೆ. ಅವಳ ದನಿ ಅಲ್ಲ ಇದು.”

“ಶಿಲುಬೆ ಮುಟ್ಟಿ ಹೇಳ್ತೀಯಾ?”

ಮುಟ್ಟಿ ಹೇಳಿದೆ. ನಿನ್ನನ್ನು ಉಳಿಸಬೇಕಿತ್ತು ಅಕ್ಕಾ. ಹೇಳಿಬಿಟ್ಟಿದ್ದರೆ ನಿನಗೆ ಏನು ಶಿಕ್ಷೆ ಮಾಡುತ್ತಿದ್ದರೋ ಏನೋ. ನನ್ನ ಕೆಲಸವೂ ಉಳಿಯಿತು ಎನ್ನುವುದನ್ನು ಮುಚ್ಚಿಟ್ಟರೆ ಸುಳ್ಳಾಗುತ್ತದೆ, ಅದಕ್ಕೇ ಬರೆದಿದ್ದೇನೆ. ಆದರೆ ಮೊದಲು ನೆನಪಾದದ್ದು ನೀನೇ.

ಒಂದು ಸಾಲಾದರೂ ಬರೆ.

ನಿನ್ನ ಫುಲ್ವಿಯೊ


ಮದ್ದಲೇನಾ ಕನ್ಯಾಮಠ
೧೫೮೪, ಸೆಪ್ಟೆಂಬರ್ ೯

ಫುಲ್ವಿಯೊ,

ಏಳು ವಾರ ಬರೆಯಲಿಲ್ಲ. ಸಿಟ್ಟಿನಿಂದಲ್ಲ, ಸುಸ್ತಿನಿಂದ. ಈ ಕಾಗದವನ್ನು ತಾಯಿ ಓದಿದ್ದಾರೆ, ‘ಕಳಿಸು’ ಎಂದಿದ್ದಾರೆ.

ಇಲ್ಲಿ ನಡೆದದ್ದು ನಿನಗೆ ಗೊತ್ತಿಲ್ಲ. ಹಬ್ಬದ ದಿನ ಜನ ಚರ್ಚಿನಿಂದ ಹೊರಗೆ ಹೋಗುವ ಮೊದಲೇ ನಾನು ತಾಯಿಯ ಮುಂದೆ ಮಂಡಿಯೂರಿ, “ಹಾಡಿದ್ದು ನಾನು,” ಎಂದೆ. ಹಾಡಬೇಕೆಂದು ಲೆಕ್ಕ ಹಾಕಿ ಹಾಡಿದ್ದಲ್ಲ. ನಾಲ್ಕು ದನಿ ನಿಂತವು, ಮುಂದಿನ ಸಾಲು ನನ್ನದು, ಬಾಯಿ ತೆರೆಯಿತು. ಅಷ್ಟೇ ಆದದ್ದು. ಆದರೆ ಹಾಡಿದ ಮೇಲೆ ಮುಚ್ಚಿಡಲು ಮನಸ್ಸಾಗಲಿಲ್ಲ. ಅದು ನನ್ನದು ಎನ್ನಬೇಕೆನಿಸಿತು. ಮಧ್ಯಾಹ್ನ ಗಾಸ್ಪಾರೆ ಜಾಲರಿಯ ಹತ್ತಿರ ಬಂದಾಗ ಅವರಿಗೂ ಅದನ್ನೇ ಹೇಳಿದೆ. ಅವರು ನಕ್ಕರು.

“ಯಾರನ್ನ ಕಾಪಾಡ್ತಾ ಇದೀಯಮ್ಮ? ಆ ಮುದುಕಿನಾ?”

“ಯಾರನ್ನೂ ಇಲ್ಲ. ನಾನೇ ಹಾಡಿದ್ದು.”

“ನಿನ್ನ ತಮ್ಮ ಗಾಯನಗುರು. ಹತ್ತು ಹೆಜ್ಜೆ ದೂರದಲ್ಲಿ ನಿಂತಿದ್ದ. ನಿನ್ನ ದನಿ ಅಲ್ಲ ಅಂತ ಶಿಲುಬೆ ಮುಟ್ಟಿ ಹೇಳಿದಾನೆ. ನಿನ್ನ ದನಿ ಅವನಿಗೆ ಗೊತ್ತಿಲ್ವಾ?”

ನನ್ನ ದನಿ ಯಾವುದೆಂದು ನನಗಿಂತ ನಿನಗೇ ಚೆನ್ನಾಗಿ ಗೊತ್ತು ಎಂದು ತೀರ್ಮಾನವಾಯಿತು. ನಾನು ಮತ್ತೆ ಹೇಳಿದೆ. ಸ್ಕೊಲಾಸ್ತಿಕಾ ಹೇಳಿದಳು, ತಾಯಿ ಹೇಳಿದರು. “ಎಲ್ಲರೂ ಸೇರಿ ಒಬ್ಬಳನ್ನ ಮುಂದೆ ತಳ್ತಾ ಇದೀರಿ,” ಎಂದು ಗಾಸ್ಪಾರೆ ಹೊರಟುಹೋದರು. ತಪ್ಪು ಒಬ್ಬಳದೆಂದಾಗಿದ್ದರೆ ಒಬ್ಬಳಿಗೆ ಶಿಕ್ಷೆಯಾಗುತ್ತಿತ್ತು. ಯಾರದೆಂದು ತಿಳಿಯದೆ ಹೋದದ್ದರಿಂದ ಎಲ್ಲರಿಗೂ ಆಯಿತು.

ಆಗಸ್ಟ್ ಕೊನೆಯಲ್ಲಿ ಗಾರೆಯವರು ಬಂದರು. ನಾಲ್ಕು ದಿನ ಕೆಲಸ ಮಾಡಿ ಜಾಲರಿಯನ್ನು ಇಟ್ಟಿಗೆಯಿಂದ ಮುಚ್ಚಿದರು. ಪ್ರಸಾದ ಕೊಡಲು ಅಂಗೈಯಗಲದ ಒಂದು ಕಿಂಡಿ ಬಿಟ್ಟಿದ್ದಾರೆ, ಅದಕ್ಕೂ ಬಾಗಿಲಿದೆ. ಕೆಲಸ ಮಾಡುತ್ತ ಅವರು ಯಾವುದೋ ದೋಣಿಯವರ ಹಾಡು ಹೇಳುತ್ತಿದ್ದರು, ಪೋಲಿ ಹಾಡು. ಮೂವತ್ತೊಂದು ಜನ ಸನ್ಯಾಸಿನಿಯರು ಒಳಗೆ ಕೂತು ಕೇಳಿದೆವು. ಯಾರೂ ಕಿವಿ ಮುಚ್ಚಿಕೊಳ್ಳಲಿಲ್ಲ. ಈಗ ಬಲಿಪೂಜೆ ನಮಗೆ ಪಕ್ಕದ ಮನೆಯ ಜಗಳದ ಹಾಗೆ ಕೇಳಿಸುತ್ತದೆ. ಸ್ಕೊಲಾಸ್ತಿಕಾ ದಿನವೂ ನನ್ನ ತೋಳು ಜಗ್ಗಿ, “ಶುರುವಾಯ್ತೇನೇ? ಎಲ್ಲಿಗೆ ಬಂತು?” ಎನ್ನುತ್ತಾಳೆ. ಬಾಯಿಗೆ ಬಂದದ್ದು ಹೇಳುತ್ತೇನೆ.

ನೀನು ನನ್ನನ್ನು ಉಳಿಸಿದೆ ಎಂದು ಬರೆದಿದ್ದೀಯ. ಅಲ್ಲವೋ ಫುಲ್ವಿಯೊ, ನಿನಗೆ ಯಾರು ಹೇಳಿದರು ನನ್ನನ್ನು ಉಳಿಸು ಎಂದು? ಪುಸ್ತಕದಲ್ಲಿ ಬೇರೆಯವರ ಹೆಸರು ಹಾಕಿದೆ, ಸಹಿಸಿಕೊಂಡೆ. ಹಾಡನ್ನು ಇಳಿಸಿ ಗಂಡಸರಿಗೆ ಕೊಟ್ಟೆ, ಅದನ್ನೂ ಸಹಿಸಿಕೊಂಡೆ. ತೊಟ್ಟಿಲಲ್ಲಿದ್ದಾಗಿನಿಂದ ನೀನು ಕೇಳಿದ ದನಿ ಇದು. ಅದನ್ನು ಗೊತ್ತಿಲ್ಲ ಎಂದುಬಿಟ್ಟೆಯಲ್ಲ, ಅದು ಮಾತ್ರ ಎಷ್ಟು ನುಂಗಿದರೂ ಕೆಳಗೆ ಇಳಿಯುತ್ತಿಲ್ಲ.

ಅಕ್ಕ


ಕಾಸ್ತೆಲ್‌ವೆರೊ
೧೫೮೪, ಸೆಪ್ಟೆಂಬರ್ ೧೨

ಪೂಜ್ಯ ಕಾರ್ಯಭಾರಿ ಗಾಸ್ಪಾರೆಯವರ ಸನ್ನಿಧಿಗೆ,

ಜುಲೈ ಇಪ್ಪತ್ತೆರಡರಂದು ಮದ್ದಲೇನಾ ಮಠದ ಚರ್ಚಿನಲ್ಲಿ ಜಾಲರಿಯ ಹಿಂದಿನಿಂದ ಕೇಳಿಬಂದ ದನಿ ನನ್ನ ಅಕ್ಕನದು. ಮಠದಲ್ಲಿ ಅವಳ ಹೆಸರು ದೆಯೊದಾತಾ, ಮನೆಯ ಹೆಸರು ಜಿನೆವ್ರಾ ಮಾರ್ಜೋಲಿ. ಮೊದಲ ಸ್ವರಕ್ಕೇ ನನಗೆ ಗುರುತು ಸಿಕ್ಕಿತ್ತು. ಗೊತ್ತಿಲ್ಲವೆಂದು ಶಿಲುಬೆ ಮುಟ್ಟಿ ಹೇಳಿದ್ದು ಸುಳ್ಳು. ಆ ಮೊಟೆಟನ್ನು ನಾನು ಬರೆದದ್ದೇ ಅವಳ ದನಿಗೆ. ತಾವು ವೆನಿಸಿನಲ್ಲಿ ಬೆರಳಿಟ್ಟು ತೋರಿಸಿದ ಗುರುತುಗಳೂ ಅವಳಿಗಾಗಿಯೇ ಇದ್ದವು.

ಅವಳು ನಿಜ ಹೇಳಿದ್ದಾಳೆ. ಸುಳ್ಳು ಹೇಳಿದವನು ನಾನು. ಇಟ್ಟಿಗೆ ತೆಗೆಸಬೇಕೆಂದು ಪ್ರಾರ್ಥಿಸುತ್ತೇನೆ. ಗಾಯನಗುರುವಿನ ಕೋಣೆಯ ಬೀಗದ ಕೈಯನ್ನು ಇದರೊಡನೆ ಕಳಿಸಿದ್ದೇನೆ. ಇದರ ಒಂದು ಪ್ರತಿಯನ್ನು ಮಠದ ತಾಯಿಯವರಿಗೂ ಕಳಿಸಿದ್ದೇನೆ.

ತಮ್ಮ ಆಜ್ಞಾಧಾರಕ,
ಫುಲ್ವಿಯೊ ಮಾರ್ಜೋಲಿ


ಮದ್ದಲೇನಾ ಕನ್ಯಾಮಠ
೧೫೮೪, ಸೆಪ್ಟೆಂಬರ್ ೩೦

ತಮ್ಮಾ,

ನೀನು ಮತ್ತೆ ವೆನಿಸಿಗೆ ಹೋದೆ ಎಂದು ಮೆನೆಗಾ ಹೇಳಿದಳು. ಈ ಕಾಗದವನ್ನು ಹಳೆಯ ವಿಳಾಸಕ್ಕೇ ಕಳಿಸುತ್ತಿದ್ದೇನೆ. ಆ ಮನೆಯೊಡತಿಯೇ ಮತ್ತೆ ಸಿಕ್ಕಿದ್ದರೆ ದೇವರೇ ಗತಿ.

ಗಾಸ್ಪಾರೆ ಹತ್ತು ದಿನದ ಹಿಂದೆ ಬಂದಿದ್ದರು. ಗೋಡೆ ತೆಗೆಯುವುದಿಲ್ಲವಂತೆ. ಕಟ್ಟಿದ್ದು ಕಟ್ಟಿಯಾಯಿತು, ಇರಲಿ ಎಂದರು. ನಾವ್ಯಾರೂ ತೆಗೆಯುತ್ತಾರೆ ಎಂದುಕೊಂಡಿರಲಿಲ್ಲ, ನೀನೂ ಅಂದುಕೊಂಡಿರಬೇಡ. ಸ್ಕೊಲಾಸ್ತಿಕಾಗೆ ಮೊನ್ನೆಯಿಂದ ಜ್ವರ, ಎದ್ದು ಕೂರುವುದಿಲ್ಲ. ನಿನ್ನ ಕಾಗದದ ಸುದ್ದಿ ಹೇಳಿದೆ. “ಪಾಪ, ಮತ್ತೆ ಸಾವಿನ ಮನೆ ಹಾಡೇ ಅವನಿಗೆ,” ಎಂದಳು.

ನನ್ನ ಸಿಟ್ಟು ಇಳಿದಿದೆಯೇ ಎಂದು ನೀನು ಕೇಳಬಹುದು. ಪೂರ್ತಿ ಇಳಿದಿಲ್ಲ. ಬರೆಯಬೇಡ ಎಂದು ಮಾತ್ರ ಇನ್ನು ಹೇಳುವುದಿಲ್ಲ. ಬರೆ.

ನನಗೆ ಶಿಕ್ಷೆಯಾಗಿದೆ. ಮೂರು ತಿಂಗಳು ತಲೆವಸ್ತ್ರವಿಲ್ಲ, ಸಾಲಿನಲ್ಲಿ ಎಲ್ಲರಿಗಿಂತ ಕೊನೆಗೆ ನಿಲ್ಲಬೇಕು, ಊಟದ ಮನೆಯಲ್ಲಿ ನೆಲದ ಮೇಲೆ ಕೂತು ಉಣ್ಣಬೇಕು. ಗಾಸ್ಪಾರೆ ಅದನ್ನು ಎಲ್ಲರ ಎದುರಿಗೆ ನಿಂತು ಓದಿದರು: “ಅಪ್ಪಣೆ ಮೀರಿ, ಹಬ್ಬದ ದಿನ, ಮೂರನೆಯ ಮೊಟೆಟ್‌ನಲ್ಲಿ ಮೇಲಿನ ದನಿಯನ್ನು ಒಂಟಿಯಾಗಿ ಹಾಡಿದವಳು ಸಿಸ್ಟರ್ ದೆಯೊದಾತಾ, ಮನೆಯ ಹೆಸರು ಜಿನೆವ್ರಾ ಮಾರ್ಜೋಲಿ.” ಮಠದ ದಫ್ತರದಲ್ಲೂ ಹಾಗೆಯೇ ಬರೆಸಿದರು. ನಾನು ಓದಿ ನೋಡಿದೆ, ಹೆಸರು ಸರಿಯಾಗಿದೆ.

ಕಲ್ಲಿನ ನೆಲ, ತಣ್ಣಗೆ ಕೊರೆಯುತ್ತದೆ. ಅವರೆಕಾಳಿನ ಸಾರು ನನ್ನವರೆಗೆ ಬರುವಷ್ಟರಲ್ಲಿ ಆರಿರುತ್ತದೆ. ಆದರೂ ಈ ಹತ್ತು ದಿನ ನಾನು ಹೊಟ್ಟೆ ತುಂಬ ಊಟ ಮಾಡುತ್ತಿದ್ದೇನೆ.

ನಿನ್ನ ಅಕ್ಕ,
ಜಿನೆವ್ರಾ